ಹೈದರಾಬಾದ್–ದುಬೈ: ಹೋಗ್ಲಾಕ ಎರಡೂವರೆ ತಾಸು, ಬರ್ಲಾಕ ಐದು ತಾಸು?

ಬೀದರ್ ಹುಡುಗ:
ನಮಸ್ಕಾರ್ರಿ. ತಮ್ಮ ದುಬೈಗೆ ಕೆಲಸಕ್ಕ ಹೊಂಟಾನ, ಟಿಕೆಟ್ ಮಾಡ್ಸಬೇಕಂತ ಮೊಬೈಲ್‌ನಾಗ ನೋಡ್ಲತ್ತಿದ್ದೆ, ಹೈದರಾಬಾದ್ ಮುಂಜಾನಿ 10ಕ್ಕ ಬಿಟ್ರ ದುಬೈ 12:30ಕ್ಕ ಮುಟ್ಟತದ ಅಂತ ತೋರ್ಸತದ, ತಿರುಗಿ ಬರೋದು ನೋಡಿದ್ರ ಅಲ್ಲಿ 1:30ಕ್ಕ ಬಿಟ್ಟು ಇಲ್ಲಿ ಸಂಜಿ 6:30. ಅದೇ ಕಂಪನಿ, ಅದೇ ವಿಮಾನ, ಹಿಂಗ್ಯಾಕ್ರಿ? ಖರೇ ದೂರ ಎಷ್ಟದ? ಬೀದರ್ ಎಷ್ಟಕ್ಕ ಬಿಡಬೇಕು?

ತೊಗರಿ ಕಣಜ:
ಟಿಕೆಟ್‌ನಾಗ ಯಾವ ಊರು ಇರ್ತದೋ ಆ ಊರಿನ ಟೈಮೇ ಹಾಕ್ತಾರ್ರಿ. ದುಬೈ ನಮಗಿಂತ ಒಂದೂವರೆ ತಾಸು ಹಿಂದ. ಹೋಗೋದಕ್ಕ ಒಂದೂವರೆ ಕೂಡಸ್ರಿ, ಬರೋದರಾಗ ಒಂದೂವರೆ ಕಳೀರಿ. ಅವ್ವಾರಿಗೂ ಹೇಳಿಡ್ರಿ, ಇಲ್ಲಿ ರಾತ್ರಿ 10 ಆದ್ರ ಅಲ್ಲಿ ಇನ್ನಾ 8:30, ತಮ್ಮ ಡ್ಯೂಟಿ ಮುಗಿಸಿ ರೂಮಿಗೆ ಬಂದಿರೋದೂ ಇಲ್ಲ.

ಬೀದರ್ ಹುಡುಗ:
ಹಂಗ ಮಾಡಿದ್ರೂ ಹೋಗೋದು 4 ತಾಸು, ಬರೋದು 3:30 ಆಯ್ತಲ್ರಿ. ಇನ್ನರ್ಧ ತಾಸು ಎಲ್ಲಿ ಹೋತು?

ಶಹಾಬಾದ್ ಕಲ್ಲು:
ಗಾಳಿ ತಿಂತದ. ವಿಮಾನ ಹಾರೋದು ಹತ್ತು ಹನ್ನೊಂದು ಕಿ.ಮೀ. ಮ್ಯಾಲ, ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕ ಬೀಸ್ತದ, ದುಬೈಗೆ ಹೋಗಾಗ ಎದುರು ಗಾಳಿ, ಬರಾಗ ಹಿಂದಿಂದ ನೂಕ್ತದ. ಚಳಿಗಾಲದಾಗ ಫರಕು ಜಾಸ್ತಿ, ಮಳೆಗಾಲದಾಗ ಅಷ್ಟಿಲ್ಲ. ದೂರ ಅಂದ್ರ ಸುಮಾರು 2,550 ಕಿ.ಮೀ., ತಾಸಿಗೆ 850ರ ಸ್ಪೀಡ್ ಹಿಡಿದ್ರ ಬರೋಬ್ಬರಿ 3 ತಾಸು. ಆದ್ರ ಟಿಕೆಟ್‌ನಾಗ ಬರೇ ಹಾರೋ ಟೈಮ್ ಇರಂಗಿಲ್ಲ, ಗೇಟ್ ಬಿಟ್ಟಾಗಿಂದ ಆ ಕಡೆ ಗೇಟಿಗೆ ನಿಂದ್ರೋ ತನಕ ಲೆಕ್ಕ. ರನ್‌ವೇಗೆ ಹೋಗೋದು, ಮ್ಯಾಲ ಏರೋದು, ಇಳ್ಯಾಗ ಸುತ್ತು ಹಾಕೋದು ಎಲ್ಲಾ ಅದರಾಗೇ ಬಂತು.

ಭಾಲ್ಕಿ ಬಸ್:
ಇವರು ಆಕಾಶದ ಲೆಕ್ಕ ಹೇಳಿದ್ರು, ನಾ ರೋಡಿಂದು ಹೇಳ್ತೀನಿ. ಬೀದರ್, ಜಹೀರಾಬಾದ್, ಸಂಗಾರೆಡ್ಡಿ, ಪಟನ್‌ಚೆರು ಹತ್ರ ಔಟರ್ ರಿಂಗ್ ರೋಡ್ ಹತ್ತಿದ್ರ ಸೀದಾ ಶಂಶಾಬಾದ್ ಏರ್‌ಪೋರ್ಟ್. ಸುಮಾರು 150 ಕಿ.ಮೀ., ಕಾರಿಗೆ 3 ತಾಸು ಹಿಡೀರಿ. ಫಾರಿನ್ ಫ್ಲೈಟಿಗೆ 3 ತಾಸು ಮೊದಲೇ ಏರ್‌ಪೋರ್ಟ್‌ನಾಗ ಇರಬೇಕು, ಲಗೇಜು ತೂಗೋದು, ಇಮಿಗ್ರೇಷನ್ ಲೈನು, ಸೆಕ್ಯುರಿಟಿ, ಟೈಮ್ ಹೋಗಿದ್ದೇ ಗೊತ್ತಾಗಂಗಿಲ್ಲ. ಒಟ್ಟು ಹಿಡಿದ್ರ ವಿಮಾನದಾಗ ಕೂಡೋದಕ್ಕಿಂತ ಈ ಕಡೀದೇ ಜಾಸ್ತಿ.

ಇನ್ನೊಂದು, ರೇಟ್ ಕಮ್ಮಿ ಅದ ಅಂತ ನಡುರಾತ್ರಿ ಫ್ಲೈಟ್ ತಗೊಂಡ್ರ ತಾರೀಖು ಸರಿಯಾಗಿ ನೋಡ್ರಿ. 15ನೇ ತಾರೀಖು 03:50 ಅಂತಿದ್ರ 14ರ ರಾತ್ರಿ ಊಟ ಮುಗಿಸಿ ಮನಿ ಬಿಡಬೇಕು. ನಮ್ಮ ಓಣಿ ಹುಡುಗ 15ರ ರಾತ್ರಿ ಹಾರ ಹಾಕ್ಕೊಂಡು ಹ್ವಾದ, ವಿಮಾನ ಮುಂಜಾನೇನೇ ಹೋಗಿತ್ತು, ಟಿಕೆಟ್ ರೊಕ್ಕ ಎಲ್ಲಾ ನೀರಾಗ.

ಬೀದರ್ ಹುಡುಗ:
ಹಂಗಾದ್ರ 10ರದ್ದೇ ಮಾಡಸ್ತೀನಿ ಕಾಕಾ. ಗಾಡಿಗೆ 4ಕ್ಕ ಬಾ ಅನ್ಲೇನು?

ಭಾಲ್ಕಿ ಬಸ್:
3ಕ್ಕ ಅನ್ರಿ. ಕಳಸ್ಲಾಕ ಬಂದ ಮಂದಿ ಅತ್ತು ಕರೆದು ಬಿಡೋದ್ರಾಗೇ ಅರ್ಧ ತಾಸು ಹೋಗ್ತದ.