ಓದುಗರ ಸ್ಪಂದನ: ಮೊದಲ ಪೀರಿಯಡ್ ಮುಗಿದ ಮೇಲೆ ಬರುವ ಬಸ್ಸು

ಹೋದ ಸಂಚಿಕೆಯಲ್ಲಿ ಚಿಕ್ಕಮಗಳೂರಿನ ಪದವಿ ಕಾಲೇಜೊಂದರ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ತಮ್ಮ ತೊಂದರೆ ಬರೆದುಕೊಂಡಿದ್ದರು. ಮಳೆಗಾಲದಲ್ಲಿ ಮೂಡಿಗೆರೆ, ಆಲ್ದೂರು ಕಡೆಯ ಬಸ್ಸು ತಡವಾಗಿ ಮೊದಲ ಪೀರಿಯಡ್ ತಪ್ಪುತ್ತದೆ. ಆ ದಾರಿಯ 43 ಮಂದಿ ಹಾಜರಾತಿ ಕೊರತೆ ಪಟ್ಟಿಗೆ ಬಿದ್ದಿದ್ದಾರೆ, ಪರೀಕ್ಷಾ ಅರ್ಜಿ ತುಂಬಲು ಬಿಡುತ್ತಿಲ್ಲ. 212 ಸಹಿ ಹಾಕಿಸಿ ಕೊಟ್ಟ ಮನವಿಗೆ ಉತ್ತರವೇ ಬಂದಿಲ್ಲ. ಗೆಳೆಯರು ತರಗತಿ ಬಹಿಷ್ಕಾರ ಎನ್ನುತ್ತಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಸ್ವಲ್ಪ ಖಾರವಾಗಿದೆ, ಆದರೂ ಇರಲಿ ಎನಿಸಿತು.

ಬೇಲೂರಿನಿಂದ

ನಿಮ್ಮ ಮನವಿಯ ಪ್ರತಿಯೂ ಅಚ್ಚಾಗಿತ್ತು, ಓದಿದೆ. ಹನ್ನೊಂದು ಬೇಡಿಕೆ. ಕ್ಯಾಂಟೀನ್ ದರ, ಶೌಚಾಲಯ, ಲೈಬ್ರರಿ ಸಮಯ, ಎಲ್ಲ ಆದ ಮೇಲೆ ಕೊನೆಗೆ ಹಾಜರಾತಿ. 43 ಮಕ್ಕಳ ವರ್ಷದ ಪ್ರಶ್ನೆಯನ್ನು ಹನ್ನೊಂದನೇ ಸಾಲಿನಲ್ಲಿ ಇಡುತ್ತಾರೆಯೇ? ಒಂದು ಕಾಗದಕ್ಕೆ ಒಂದೇ ಬೇಡಿಕೆ. ಮತ್ತೆ ಬರೆಯಿರಿ.

ನಿವೃತ್ತ ಕಚೇರಿ ಅಧೀಕ್ಷಕರು, ಹಾಸನ

ಪತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಗಾಯ ಕೆರೆದಂತಾಯಿತು. ಆ ಕಥೆ ಈಗ ಬೇಡ, ಮಕ್ಕಳಿಗೆ ಉಪಯೋಗಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಮೊದಲು ಹೇಳಿ, ನಿಮ್ಮ ಮನವಿಗೆ ಆವಕ ಸಂಖ್ಯೆ, ಅಂದರೆ ಬಂದ ಕಾಗದಕ್ಕೆ ಕಚೇರಿ ಹಾಕುವ ನಂಬರು, ಇದೆಯೇ? ಪ್ರಾಂಶುಪಾಲರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಅದು ಕಡತಕ್ಕೆ ಬಂದಂತಲ್ಲ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯ ಆವಕ ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಂಖ್ಯೆ, ದಿನಾಂಕ, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಮೊಹರು ಒತ್ತಲು ಒಪ್ಪದಿದ್ದರೆ ಜಗಳ ಬೇಡ, ನೇರ ಅಂಚೆ ಕಚೇರಿಗೆ ಹೋಗಿ ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕಡತದಲ್ಲಿಲ್ಲದ ಕಾಗದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಎಷ್ಟೋ ನ್ಯಾಯವಾದ ಬೇಡಿಕೆಗಳು ಸತ್ತಿರುವುದು ಇಲ್ಲೇ.

ಎರಡನೆಯದು ಸಹಿ ಹಾಳೆ. ಮೊದಲ ಪುಟದಲ್ಲಿ ಬೇಡಿಕೆ, ಹಿಂದೆ ಖಾಲಿ ಹಾಳೆಗಳಲ್ಲಿ ಸಹಿ ಇದ್ದರೆ, ‘ಇವರು ಯಾವುದಕ್ಕೆ ಸಹಿ ಹಾಕಿದ್ದು?’ ಎಂಬ ಒಂದೇ ಪ್ರಶ್ನೆಗೆ ಎಲ್ಲ ಮಗುಚಿಕೊಳ್ಳುತ್ತದೆ. ಪ್ರತಿ ಹಾಳೆಯ ತಲೆಯಲ್ಲೂ ಬೇಡಿಕೆಯ ಎರಡು ಸಾಲು ಇರಲಿ. ಸಹಿಯ ಪಕ್ಕ ಹೆಸರು, ನೋಂದಣಿ ಸಂಖ್ಯೆ, ಸೆಮಿಸ್ಟರ್ ಬರಲಿ. 212 ಸಹಿ ಬೆಂಬಲಕ್ಕೆ ಚೆನ್ನ. ದೂರು ಮಾತ್ರ ತೊಂದರೆಗೆ ಸಿಕ್ಕಿದ 43 ಮಂದಿಯದ್ದೇ ಆಗಬೇಕು.

ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ನಿಯಮಾವಳಿ ಹೊರಡಿಸಿದೆ. ಅದರ ಪ್ರಕಾರ ಕಾಲೇಜಿನಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಅಧ್ಯಕ್ಷರು ಒಬ್ಬ ಪ್ರಾಧ್ಯಾಪಕರು, ಸದಸ್ಯರು ನಾಲ್ವರು ಹಿರಿಯ ಅಧ್ಯಾಪಕರು. ಇವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು. ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತ. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕೆನ್ನುತ್ತದೆ ನಿಯಮ. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನಗಳಲ್ಲಿ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ದೂರು ಕೇಳಲೆಂದೇ ನೇಮಕವಾದವರಿಗೆ, ಮೇಲ್ಮನವಿ ಹಾಕಬಹುದು. ಅವರು 30 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು. ನೊಂದ ವಿದ್ಯಾರ್ಥಿ ತಾನೇ ಬರಬಹುದು ಅಥವಾ ಪ್ರತಿನಿಧಿಯನ್ನು ಕಳಿಸಬಹುದು. ಕಾರ್ಯದರ್ಶಿಯಾದ ನಿಮ್ಮ ಜಾಗ ಅದೇ. 43 ಮಂದಿಯಿಂದಲೂ ‘ನನ್ನ ಪರವಾಗಿ ಇವರು ಹಾಜರಾಗುತ್ತಾರೆ’ ಎಂಬ ಒಂದೊಂದು ಸಾಲಿನ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಇಲ್ಲೊಂದು ಎಡವಟ್ಟಿದೆ. 15 ಕೆಲಸದ ದಿನ ಎಂದರೆ ಭಾನುವಾರ, ರಜೆ ಕಳೆದು ಸುಮಾರು ಮೂರು ವಾರ. ಅಷ್ಟರಲ್ಲಿ ಪರೀಕ್ಷಾ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಆದ್ದರಿಂದ ದೂರಿನ ಕೊನೆಯಲ್ಲಿ ಪ್ರತ್ಯೇಕ ಪ್ಯಾರಾದಲ್ಲಿ ಕೇಳಿ: ‘ಸಮಿತಿಯ ತೀರ್ಮಾನಕ್ಕೆ ಒಳಪಟ್ಟು ಅರ್ಜಿ ಮತ್ತು ಶುಲ್ಕವನ್ನು ಈಗಲೇ ಸ್ವೀಕರಿಸಬೇಕು.’ ಈ ಸಾಲು ಬಿಟ್ಟರೆ ಮಕ್ಕಳು ಗೆದ್ದರೂ ಪರೀಕ್ಷೆ ಬರೆಯುವಂತಿಲ್ಲ.

*ಆವಕ ಸಂಖ್ಯೆಯ ಮಾತನ್ನು ಇನ್ನೂ ಐದಾರು ಮಂದಿ ಬರೆದಿದ್ದಾರೆ. ಮುಂದಿನ ಪತ್ರ ಮೇಜಿನ ಆಚೆ ಬದಿಯಿಂದ ಬಂದದ್ದು.*

ಉಪನ್ಯಾಸಕಿ, ಚಿಕ್ಕಮಗಳೂರು

75 ಶೇಕಡಾ ಹಾಜರಾತಿಯ ನಿಯಮ ಪ್ರಾಂಶುಪಾಲರು ಮಾಡಿದ್ದಲ್ಲ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳಿಗೆ ಅದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಿಂದ ಬರುತ್ತದೆ. ‘ಕೊರತೆ ಮನ್ನಾ ಮಾಡಿ’ ಎಂದು ಪ್ರಾಂಶುಪಾಲರನ್ನು ಕೇಳಿದರೆ ಅವರ ಕೈಯಲ್ಲಿಲ್ಲದ್ದನ್ನು ಕೇಳಿದ ಹಾಗೆ. ಕೈಯಲ್ಲಿರುವುದನ್ನು ಕೇಳಿ: ವೇಳಾಪಟ್ಟಿ.

ಲೆಕ್ಕ ನೋಡಿ. 16 ವಾರದ ಸೆಮಿಸ್ಟರ್, ವಾರಕ್ಕೆ 4 ತರಗತಿ, ಒಟ್ಟು 64. ಬೇಕಾದದ್ದು 48. ಆ ವಿಷಯದ ಎರಡು ತರಗತಿ ಮೊದಲ ಪೀರಿಯಡ್‌ನಲ್ಲೇ ಇದ್ದು ಎಂಟೇ ವಾರ ಬಸ್ಸು ತಡವಾದರೂ 16 ಹೋದವು. ಉಳಿಯುವುದು ಸರಿಯಾಗಿ 48. ಇನ್ನೊಂದು ದಿನ ಜ್ವರ ಬಂದರೆ ಹೆಸರು ಪಟ್ಟಿಯಲ್ಲಿ. ಅದೇ ವಿಷಯವನ್ನು ಮೂರನೇ ಪೀರಿಯಡ್‌ಗೆ ಹಾಕಿ, ಮೊದಲ ಪೀರಿಯಡ್ ಅನ್ನು ದಿನಕ್ಕೊಂದು ವಿಷಯಕ್ಕೆ ಹಂಚಿದರೆ ಯಾರೂ ಯಾವುದರಲ್ಲೂ ಮುಳುಗುವುದಿಲ್ಲ. ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಡ.

ಹಾಜರಿ ಪುಸ್ತಕವನ್ನೂ ನೋಡಲು ಕೇಳಿ. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟಾಗ ಆದೇಶ ಬಹಳ ಸಲ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ಮಾತ್ರ ಇರುತ್ತದೆ, ಅದೂ ಕೆಲವು ತಾಲ್ಲೂಕಿಗೆ. ಮೂಡಿಗೆರೆಯಲ್ಲಿ ರಜೆ, ಪೇಟೆಯ ಪದವಿ ಕಾಲೇಜಿನಲ್ಲಿ ತರಗತಿ. ಆ ದಿನಗಳನ್ನು ಆದೇಶದ ಪ್ರತಿಯೊಂದಿಗೆ ಬೇರೆ ಪಟ್ಟಿ ಮಾಡಿ ಕೊಡಿ. ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಬರೆಯಲು ಪ್ರಾಂಶುಪಾಲರಿಗೂ ಆಧಾರ ಸಿಗುತ್ತದೆ.

ಬಹಿಷ್ಕಾರ ಬೇಡ. ಆ ದಿನವೂ ಗೈರುಹಾಜರಿಯೇ, ಅದು ಮೊದಲು ಹೊಡೆಯುವುದು ಈ 43 ಮಂದಿಯನ್ನೇ.

*ಕೊನೆಯ ಮಾತು ಅನೇಕರಿಗೆ ಒಪ್ಪಿಗೆಯಾಗದಿರಬಹುದು. ಒಪ್ಪದ ಒಬ್ಬರ ಪತ್ರ:*

ವಿದ್ಯಾರ್ಥಿ, ಹಾಸನ

ಕಾಗದ ಮಾತ್ರ ಸಾಲದು. ಆದರೆ ಧರಣಿ ಕೂರುವುದಾದರೆ ಊಟದ ಬಿಡುವಿನಲ್ಲಿ ಕೂರಿ, ಗಂಟೆ ಹೊಡೆದ ಕೂಡಲೇ ಏಳಿ, ತರಗತಿಗೆ ಹೋಗಿ. ಐದು ದಿನ ಹಾಗೇ ಮಾಡಿ. ನಮ್ಮ ಮೇಲೆ ಯಾರೂ ಬೆರಳು ತೋರಿಸುವಂತಿರಬಾರದು.

ಅರಸೀಕೆರೆಯ ಓದುಗರು

ಕಾರ್ಯದರ್ಶಿಯವರೇ, ನಿಮ್ಮನ್ನು ಆರಿಸಿದವರು ಯಾರು? ಅಂಕ ನೋಡಿ ಕಾಲೇಜೇ ನೇಮಿಸಿದ್ದರೆ ನಿಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು? ವಿದ್ಯಾರ್ಥಿ ಸಂಘದ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಹೇಳಿತು. ಕಾಲೇಜು ಶುರುವಾದ 6ರಿಂದ 8 ವಾರಗಳಲ್ಲಿ ಚುನಾವಣೆ, ನಾಮಪತ್ರದಿಂದ ಫಲಿತಾಂಶದವರೆಗೆ 10 ದಿನ, ಒಬ್ಬ ಅಭ್ಯರ್ಥಿಗೆ 5,000 ರೂಪಾಯಿ ಮಿತಿ, ಅಚ್ಚು ಮಾಡಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಸ್ಪರ್ಧಿಸುವವರಿಗೂ 75 ಶೇಕಡಾ ಹಾಜರಾತಿ ಬೇಕು. ಅಂದರೆ ಬಸ್ಸು ತಪ್ಪಿದವರು ಪರೀಕ್ಷೆಯ ಜೊತೆಗೆ ಪ್ರತಿನಿಧಿಯಾಗುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಮೂಡಿಗೆರೆ ದಾರಿಯ ಮಕ್ಕಳ ಪರ ಮಾತಾಡುವವರು ಪೇಟೆಯವರೇ ಆಗಿರುತ್ತಾರೆ. ಇದನ್ನು ಮುಂದಿನ ವರ್ಷಕ್ಕಾದರೂ ಎತ್ತಿಕೊಳ್ಳಿ.

ಸಕಲೇಶಪುರದಿಂದ

ಕಾಲೇಜಿನಲ್ಲಿ ಕುಂದುಕೊರತೆ ಸಮಿತಿ ಇದೆಯೋ ಇಲ್ಲವೋ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಏಕೆ’ ಎಂದು ಕೇಳಬೇಡಿ, ‘ಪ್ರತಿ ಕೊಡಿ’ ಎಂದು ಕೇಳಿ: ಸಮಿತಿ ರಚನೆಯ ಆದೇಶದ ಪ್ರತಿ, ಸಭೆಗಳ ನಡಾವಳಿಯ ಪ್ರತಿ. ಈ ಪರೀಕ್ಷೆಗೆ ಇದು ಒದಗಲಿಕ್ಕಿಲ್ಲ, ಮುಂದಿನದಕ್ಕೆ ಒದಗುತ್ತದೆ.

*ಬಸ್ಸಿನ ವಿಚಾರವನ್ನೇ ಹಿಡಿದು ಬರೆದವರು ಒಬ್ಬರೇ. ಅವರ ಸಲಹೆಯನ್ನು ಕಾರ್ಯದರ್ಶಿಯವರು ಇಂದೇ ಓದಲಿ ಎಂದು ಆಶೆ.*

ಮೂಡಿಗೆರೆಯಿಂದ

ಬಸ್ಸು ತಡವಾಗಿತ್ತು ಎಂಬುದಕ್ಕೆ ಸಾಕ್ಷಿ ನಿಮ್ಮ ಹುಡುಗಿಯರ ಬ್ಯಾಗಿನಲ್ಲೇ ಇದೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮೇಲೆ ದಿನಾಂಕ, ಗಂಟೆ, ಹತ್ತಿದ ಜಾಗ ಮೂರೂ ಅಚ್ಚಾಗಿರುತ್ತವೆ. ಹತ್ತಿದ ನಿಲ್ದಾಣಕ್ಕೆ ಬಸ್ಸು ಬರಬೇಕಿದ್ದ ಹೊತ್ತನ್ನು ಪಕ್ಕದಲ್ಲಿ ಬರೆದರೆ ಎಷ್ಟು ತಡ ಎಂದು ಮಗುವಿಗೂ ಗೊತ್ತಾಗುತ್ತದೆ. ಹುಡುಗರ ಪಾಸಿಗೆ ಈ ಅನುಕೂಲವಿಲ್ಲ. ಅವರು ಅದೇ ಬಸ್ಸಿನಲ್ಲಿ ಬಂದವರೆಂದು ಪಟ್ಟಿಯಲ್ಲಿ ಜೊತೆಗೆ ಸೇರಿಸಿ. ಅದೇ ಪಟ್ಟಿಯ ಪ್ರತಿ ಕೆಎಸ್‌ಆರ್‌ಟಿಸಿ ಚಿಕ್ಕಮಗಳೂರು ವಿಭಾಗೀಯ ನಿಯಂತ್ರಣಾಧಿಕಾರಿಗೂ ಹೋಗಲಿ. ಬೆಳಗಿನ ಬಸ್ಸನ್ನು ಅರ್ಧ ಗಂಟೆ ಮುಂಚೆ ಬಿಡಿ ಎನ್ನುವುದಷ್ಟೇ ಕೋರಿಕೆ.

ಆ ಟಿಕೆಟ್ ಕಾಗದ ಬಿಸಿಗೆ ಅಚ್ಚಾಗುವಂಥದ್ದು. ಕೆಲವು ವಾರದಲ್ಲೇ ಅಕ್ಷರ ಮಾಸುತ್ತದೆ, ಒದ್ದೆ ಬ್ಯಾಗಿನಲ್ಲಿದ್ದರೆ ಇನ್ನೂ ಬೇಗ. ಜೂನ್‌ನಿಂದ ಉಳಿದಿರುವ ಟಿಕೆಟ್‌ಗಳನ್ನೆಲ್ಲ ಹುಡುಕಿಸಿ, ಎ4 ಹಾಳೆಗೆ ಎಂಟರಂತೆ ಜೋಡಿಸಿ, ಇವತ್ತೇ ಝೆರಾಕ್ಸ್ ಮಾಡಿಸಿ.