ಕುಗ್ಗಿದರೂ ‘ವಿಕಾಸ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಪರಾವಲಂಬಿ ಸೂಕ್ಷ್ಮಜೀವಿಗಳ ಬಗ್ಗೆ ಪಿಯುಸಿ ಮಕ್ಕಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುವ ಹತ್ತಿರ ಬಂದು ಗಾಡಿ ನಿಂತಿದೆ.

ಮೊದಲನೆಯದು ರಿಡಕ್ಟಿವ್ ಎವಲ್ಯೂಷನ್. ಇನ್ನೊಂದು ಜೀವಿಯ ಒಳಗೇ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗೆ ಊಟ ಸಿದ್ಧವಾಗಿಯೇ ಸಿಗುತ್ತದೆ. ಆ ಊಟ ತಯಾರಿಸುವ ಜೀನ್ ಕೆಟ್ಟರೂ ಅದಕ್ಕೇನೂ ನಷ್ಟವಿಲ್ಲ. ಕೆಟ್ಟದ್ದು ಹಾಗೇ ಉಳಿದು, ತಲೆಮಾರುಗಳು ಕಳೆದ ಮೇಲೆ ಉದುರಿಹೋಗುತ್ತದೆ. ಇದಕ್ಕೆ ‘ಸಂಕೋಚ ವಿಕಾಸ’ ಅಂತ ಬರೆದೆ. ಓದಿದರೆ ನನಗೇ ನಗು ಬಂತು. ವಿಕಾಸ ಅಂದರೆ ಅರಳುವುದು, ಸಂಕೋಚ ಅಂದರೆ ಮುದುಡುವುದು. ಮುದುಡುತ್ತಾ ಅರಳುವ ಹೂವು ಎಲ್ಲಾದರೂ ಉಂಟಾ? ಅದೂ ಅಲ್ಲದೆ ಆಡುಮಾತಲ್ಲಿ ಸಂಕೋಚ ಅಂದರೆ ನಾಚಿಕೆ. ಕಂಡವರ ಮನೆ ಹೊಕ್ಕು ಉಣ್ಣುವ ಜೀವಿಗೆ ಎಂಥ ಸಂಕೋಚ!

‘ಅವನತಿ’ ಬೇಡ, ಅದು ತೀರ್ಪು ಕೊಟ್ಟ ಹಾಗಾಗುತ್ತದೆ. ‘ಸೊರಗು’ ಅಂದರೆ ಕಾಯಿಲೆ ಬಿದ್ದಂತೆ. ಇಲ್ಲಿ ಸೊರಗುವುದು ಆಶ್ರಯ ಕೊಟ್ಟವನು. ‘ಕಳಚಿಕೊಳ್ಳು’ ಚೆನ್ನಾಗಿದೆ, ಆದರೆ ಬೇಕಂತಲೇ ಕಳಚಿಟ್ಟಂತೆ ಕೇಳಿಸುತ್ತದೆ.

‘ಕುಗ್ಗು’ ಸಾಕು ಅಂದುಕೊಂಡೆ. ಮೊಲಗಳಿಗೆ ತಗಲುವ ಎನ್ಸೆಫಲಿಟೊಜೂನ್ ಕುನಿಕ್ಯುಲಿ ಎಂಬ ಮೈಕ್ರೊಸ್ಪೊರಿಡಿಯಾಕ್ಕೆ ಅದು ಸರಿಯಾಗಿ ಕೂರುತ್ತದೆ. ಇದು ಶಿಲೀಂಧ್ರಗಳ ನೆಂಟ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 1.2 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ 29 ಲಕ್ಷ, ಅಷ್ಟೇ. ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಾ ಇದ್ದ ಜಾಗದಲ್ಲಿ ಡಿಎನ್‌ಎ ಇಲ್ಲದ ಒಂದು ಪುಟ್ಟ ಚೀಲ ಉಳಿದಿದೆ. ಶಕ್ತಿ ತುಂಬಿದ ಎಟಿಪಿಯನ್ನು ಆಶ್ರಯ ಕೊಟ್ಟ ಕೋಶದಿಂದಲೇ ಕದಿಯುತ್ತದೆ.

ಆದರೆ ಅದೇ ಬಳಗದ ನೊಸೀಮಾ ಬಾಂಬಿಸಿಸ್ ನನ್ನ ಲೆಕ್ಕ ತಪ್ಪಿಸಿತು. ರೇಷ್ಮೆ ಹುಳುವಿಗೆ ಗಂಟುರೋಗ ತರುವುದು ಅದೇ. ನಮ್ಮ ಸೋದರಮಾವನ ಮನೆಯಲ್ಲಿ ಹುಳು ಸಾಕುತ್ತಿದ್ದರು, ಆ ಹೆಸರು ಕೇಳಿದರೆ ಎಲ್ಲರ ಮುಖ ಇಳಿಯುತ್ತಿತ್ತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ಮೊಟ್ಟೆಯಾಕಾರದ ಹೊಳೆಯುವ ಬೀಜಕಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಪಾಶ್ಚರ್ ಹಾಕಿಕೊಟ್ಟ ದಾರಿ ಇದು. ಈ ನೊಸೀಮಾದ ಜೀನೋಮ್ ಮಾತ್ರ 1.5 ಕೋಟಿ ಅಕ್ಷರ ದಾಟುತ್ತದೆ! ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಣುಕುಗಳು ಸೇರಿ ಸೇರಿ ಊದಿದೆ. ಮೈಟೋಕಾಂಡ್ರಿಯಾ ಇದಕ್ಕೂ ಇಲ್ಲ. ಅಂದರೆ ಬಟ್ಟೆಗಂಟು ದೊಡ್ಡದಾಗಿದೆ, ಅಡುಗೆಮನೆ ಖಾಲಿ. ಹಾಗಾದರೆ ಕುಗ್ಗಿದ್ದು ಯಾವುದು? ಜೀನೋಮಿಗೊಂದು ಪದ, ಕೋಶದ ಯಂತ್ರಗಳಿಗೊಂದು ಪದ ಬೇಕೇನೋ.

ಎರಡನೆಯದು ಸ್ಯೂಡೋಜೀನ್, ಅಂದರೆ ಕೆಟ್ಟು ಕೆಲಸ ನಿಲ್ಲಿಸಿದ ಜೀನ್. ‘ಹುಸಿ ಜೀನ್’ ಅಂತ ಬರೆಯುವುದುಂಟು. ನನಗೆ ಒಗ್ಗುತ್ತಿಲ್ಲ. ಹುಸಿ ಅಂದರೆ ಮೊದಲಿನಿಂದಲೂ ಸುಳ್ಳು. ಕುಷ್ಠರೋಗದ ಬ್ಯಾಕ್ಟೀರಿಯಾ ನೋಡಿ. 2001ರಲ್ಲಿ ಅದರ ಜೀನೋಮ್ ಓದಿದಾಗ ಕೆಲಸ ಮಾಡುವ ಜೀನ್‌ಗಳು ಸುಮಾರು 1,600, ಕೆಟ್ಟವು 1,100ಕ್ಕೂ ಜಾಸ್ತಿ. ಅದರ ದಾಯಾದಿ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಸುಮಾರು 4,000 ಜೀನ್‌ಗಳಿವೆ. ಇಲ್ಲಿ ಕೆಟ್ಟ ಎಷ್ಟೋ ಜೀನ್‌ಗಳು ಅಲ್ಲಿ ಇನ್ನೂ ದುಡಿಯುತ್ತಿವೆ. ಕುಷ್ಠದ್ದು ಎರಡಾಗಲು ಎರಡು ವಾರ ಬೇಕು. ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ, ಇಲಿಯ ಪಾದದಲ್ಲೋ ಆರ್ಮಡಿಲೊದ ಮೈಯಲ್ಲೋ ಬೆಳೆಸಬೇಕು.

ಹೊಲದ ಮಾತು ತೆಗೆದುಕೊಂಡು ‘ಬೀಳು ಜೀನ್’ ಅನ್ನೋಣ ಅಂದುಕೊಂಡೆ. ಅಮ್ಮನಿಗೆ ವಿವರಿಸಿದೆ. “ಬೀಳು ಬಿದ್ದ ಹೊಲ ನಾಳೆ ಉಳಬಹುದಲ್ಲೋ, ಇದನ್ನ ಮತ್ತೆ ಉಳಕ್ಕಾಗುತ್ತಾ?” ಅಂದರು. ಸುಮಾರಾಗಿ ಆಗಲ್ಲ ಅಂದೆ. “ಮತ್ತೆ ಪಾಳು ಅನ್ನು” ಅಂದು ಒಳಗೆ ಹೋದರು. ಪಾಳುಮನೆ! ಗೋಡೆ ನಿಂತಿರುತ್ತದೆ, ತೊಲೆ ಹೋಗಿರುತ್ತದೆ. ಪಕ್ಕದ ಮನೆ ನೋಡಿದರೆ ಇಲ್ಲಿ ಒಲೆ ಎಲ್ಲಿತ್ತು ಅಂತ ಹೇಳಬಹುದು. ಕಾಲ ಕಳೆದರೆ ಗೋಡೆಯೂ ಮಣ್ಣು. ಮೊಲದ ಮೈಕ್ರೊಸ್ಪೊರಿಡಿಯಾದಲ್ಲಿ ಹೆಚ್ಚುಕಡಿಮೆ ಆ ಮಣ್ಣೂ ಉಳಿದಿಲ್ಲ.

‘ಪಾಳು ಜೀನ್’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಪಾಳುಬಿದ್ದ ಜೀನ್’ ವಾಸಿಯಾ? ಮೊದಲನೆಯದಕ್ಕೆ ಸದ್ಯ ‘ಉದುರುವಿಕೆ’ ಅಂತ ಬರೆದಿಟ್ಟಿದ್ದೇನೆ, ಕೂದಲಿನ ಎಣ್ಣೆಯ ಜಾಹೀರಾತಿನ ಹಾಗಿದೆ. ಬೇರೆ ಏನಾದರೂ ಹೊಳೆದರೆ ಹೇಳಿ.