ಮರ್ಜ್ ಆಗಿ ಅಳಿಸಿಹೋದ ಬ್ರಾಂಚಿನ ಕಮಿಟ್‌ಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಉಡುಪಿ)
ಮಲ್ಪೆಯ ಮೀನುಗಾರಿಕಾ ಬೋಟುಗಳ ಡೀಸೆಲ್ ಲೆಕ್ಕ ಇಡುವ ಸಣ್ಣ ತಂತ್ರಾಂಶವೊಂದನ್ನು ನಾವು ಮೂವರು ಸೇರಿ ಬರೆಯುತ್ತಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿದ್ದಾಗ, ‘ಡೀಸೆಲ್’ ಎಂಬ ಬ್ರಾಂಚಿನಲ್ಲಿ (ಮುಖ್ಯ ಕೋಡಿನಿಂದ ಕವಲೊಡೆದ ಪ್ರತ್ಯೇಕ ಸಾಲು) ಕೆಲಸ ಮಾಡಿ, ಮುಖ್ಯ ಬ್ರಾಂಚಾದ ಮೈನ್‌ಗೆ ಎರಡು ಸಲ ಮರ್ಜ್ ಮಾಡಿ (ಸೇರಿಸಿ), ಬ್ರಾಂಚನ್ನು ಅಳಿಸಿದೆವು. ಈಗ 212.5 ಲೀಟರ್ ತುಂಬಿಸಿದರೆ ಲೆಡ್ಜರಿನಲ್ಲಿ 212 ಎಂದು ಬರುತ್ತಿದೆ. ದೋಷ ಆ ಬ್ರಾಂಚಿನಿಂದಲೇ ಬಂದಿರಬೇಕೆಂಬ ಅನುಮಾನವಿದೆ. ಆದರೆ ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ ಲಾಗ್‌ನಲ್ಲಿ ಎಲ್ಲರ ಕಮಿಟ್‌ಗಳೂ (ದಾಖಲಿಸಿದ ಬದಲಾವಣೆಗಳು) ಬೆರೆತುಹೋಗಿವೆ. ಬ್ರಾಂಚಿನವು ಯಾವುವೆಂದು ತಿಳಿಯುವುದು ಹೇಗೆ?

ಉತ್ತರ (ಮಣಿಪಾಲ)
ಗಿಟ್‌ನ ಕಮಿಟ್ ತನ್ನ ಪೇರೆಂಟ್ (ಹಿಂದಿನ ಕಮಿಟ್) ಯಾವುದು, ಬರೆದವರು ಯಾರು, ಸಂದೇಶವೇನು ಎಂಬುದನ್ನು ಇಟ್ಟುಕೊಳ್ಳುತ್ತದೆಯೇ ಹೊರತು ಯಾವ ಬ್ರಾಂಚಿನಲ್ಲಿ ಹುಟ್ಟಿತೆಂಬುದನ್ನು ಇಟ್ಟುಕೊಳ್ಳುವುದಿಲ್ಲ. ಗಿಟ್‌ನಂಥದೇ ಇನ್ನೊಂದು ತಂತ್ರಾಂಶವಾದ ಮರ್ಕ್ಯುರಿಯಲ್ ಬ್ರಾಂಚಿನ ಹೆಸರನ್ನು ಕಮಿಟ್‌ನೊಳಗೇ ಬರೆದಿಡುತ್ತದೆ. ಗಿಟ್‌ನ ಬ್ರಾಂಚ್ ಎಂದರೆ ಕೊನೆಯ ಕಮಿಟ್‌ನ ಐಡಿಯನ್ನು ತೋರಿಸುವ ಗುರುತು ಮಾತ್ರ.

ಹಾಗಾಗಿ ಮೊದಲು ಮರ್ಜ್ ಕಮಿಟ್ (ಎರಡು ಸಾಲುಗಳನ್ನು ಸೇರಿಸಿದ, ಎರಡು ಪೇರೆಂಟ್‌ಗಳಿರುವ ಕಮಿಟ್) ಹುಡುಕಿ. ಗಿಟ್ ಲಾಗ್‌ಗೆ ‘--ಮರ್ಜಸ್ --ಫಸ್ಟ್-ಪೇರೆಂಟ್’ ಸೇರಿಸಿದರೆ ಮೈನ್‌ಗೆ ಬಂದ ಮರ್ಜ್‌ಗಳಷ್ಟೇ ಉಳಿಯುತ್ತವೆ. ನಿಮಗೆ ಬೇಕಾದ ಮರ್ಜ್‌ನ ಐಡಿಯನ್ನು ‘ಮ’ ಎಂದಿಟ್ಟುಕೊಂಡರೆ, ‘ಗಿಟ್ ಲಾಗ್ ಮ^1..ಮ^2’ ಎಂಬ ಆಜ್ಞೆಯು ಎರಡನೆಯ ಪೇರೆಂಟ್‌ನ (ಬ್ರಾಂಚಿನ) ಕಡೆಯಿಂದ ಬಂದು, ಮೊದಲನೆಯದರಲ್ಲಿ (ಮೈನ್‌ನಲ್ಲಿ) ಇಲ್ಲದ ಕಮಿಟ್‌ಗಳನ್ನು ಮಾತ್ರ ತೋರಿಸುತ್ತದೆ. ನಡುವೆ ಮೈನನ್ನು ಬ್ರಾಂಚಿಗೆ ಎಳೆದುಕೊಂಡಿದ್ದರೂ ಆ ಕಮಿಟ್‌ಗಳು ಈ ಪಟ್ಟಿಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಎರಡನೆಯ ಮರ್ಜ್ ಸಿಕ್ಕಿತು, ಅದರಲ್ಲಿ 17 ಕಮಿಟ್‌ಗಳಿದ್ದರೂ ದೋಷವಿಲ್ಲ. ಮೊದಲನೆಯ ಮರ್ಜ್ ಪಟ್ಟಿಯಲ್ಲೇ ಕಾಣುತ್ತಿಲ್ಲ.

ಉತ್ತರ (ಮಂಗಳೂರು)
ಅದು ಫಾಸ್ಟ್-ಫಾರ್ವರ್ಡ್ ಆಗಿದೆ. ಬ್ರಾಂಚ್ ಕವಲೊಡೆದ ಮೇಲೆ ಮೈನ್‌ನಲ್ಲಿ ಹೊಸ ಕಮಿಟ್ ಏನೂ ಬರದಿದ್ದರೆ ಗಿಟ್ ಬೇರೆ ಮರ್ಜ್ ಕಮಿಟ್ ಮಾಡದೆ ಮೈನ್‌ನ ಗುರುತನ್ನೇ ಮುಂದಕ್ಕೆ ಸರಿಸುತ್ತದೆ, ಇತಿಹಾಸದಲ್ಲಿ ಅದರ ಸುಳಿವು ಉಳಿಯುವುದಿಲ್ಲ.

ಆ ಮರ್ಜ್ ಮಾಡಿದವರ ಲ್ಯಾಪ್‌ಟಾಪಿನಲ್ಲೇ ‘ಗಿಟ್ ರೆಫ್‌ಲಾಗ್ ಮೈನ್’ ಓಡಿಸಿ. ರೆಫ್‌ಲಾಗ್ ಎಂದರೆ ಬ್ರಾಂಚಿನ ಗುರುತು ಎಲ್ಲಿಂದ ಎಲ್ಲಿಗೆ ಸರಿಯಿತೆಂಬ, ಆಯಾ ಯಂತ್ರದ ಸ್ವಂತ ದಾಖಲೆ, ಪುಶ್ ಮಾಡಿದರೆ ಸರ್ವರಿಗೆ ಹೋಗುವುದಿಲ್ಲ. ಅಳಿಸಿದ ಬ್ರಾಂಚಿನ ರೆಫ್‌ಲಾಗ್ ಕೂಡ ಅದರೊಂದಿಗೇ ಹೋಗಿರುತ್ತದೆ, ಮೈನ್‌ನದು ಉಳಿದಿರುತ್ತದೆ. ‘ಮರ್ಜ್ ಡೀಸೆಲ್: ಫಾಸ್ಟ್-ಫಾರ್ವರ್ಡ್’ ಎಂಬ ಸಾಲಿನ ಐಡಿ ಮತ್ತು ಅದರ ಕೆಳಗಿನ ಸಾಲಿನ ಐಡಿ, ಇವೆರಡರ ನಡುವಿನವೇ ನಿಮ್ಮ ಕಮಿಟ್‌ಗಳು. ಸಾಮಾನ್ಯವಾಗಿ ಈ ಸಾಲುಗಳು 90 ದಿನ ಉಳಿಯುತ್ತವೆ, ಆದ್ದರಿಂದ ಇವತ್ತೇ ನೋಡುವುದು ಒಳ್ಳೆಯದು. ಇನ್ನು ಮುಂದೆ ‘--ನೋ-ಎಫ್‌ಎಫ್’ ಹಾಕಿ ಮರ್ಜ್ ಮಾಡಿರಿ, ಆಗ ಪ್ರತಿ ಸಲವೂ ಮರ್ಜ್ ಕಮಿಟ್ ಉಳಿಯುತ್ತದೆ.

ಪ್ರಶ್ನೆ ಕೇಳಿದವರು
ಸಹೋದ್ಯೋಗಿಯ ಯಂತ್ರದಲ್ಲಿ ಆ ಸಾಲು ಇನ್ನೂ ಇತ್ತು. ಆರು ಕಮಿಟ್‌ಗಳು ಸಿಕ್ಕವು. ನಾಲ್ಕನೆಯದರಲ್ಲಿ ಲೀಟರನ್ನು ಪೂರ್ಣಾಂಕವಾಗಿ ಮಾರ್ಪಡಿಸಲಾಗಿತ್ತು.